ಹಳೆಯ ಕಾರುಗಳ ಜೀರ್ಣೋದ್ಧಾರ: ನಮ್ಮ ಕಾರ್ಯಾಗಾರಗಳಿಗೆ ಅವಕಾಶವೂ ಎಚ್ಚರಿಕೆಯೂ

ಅಮೆರಿಕದಲ್ಲಿ 1960ರ ದಶಕದ ಮಧ್ಯಭಾಗದಿಂದ 1970ರ ದಶಕದ ಆರಂಭದವರೆಗೆ ತಯಾರಾದ, ಮಧ್ಯಮ ಗಾತ್ರದ ಒಡಲಿಗೆ ಭಾರಿ ವಿ-8 ಎಂಜಿನ್ ಜೋಡಿಸಿದ ಕಾರುಗಳನ್ನು 'ಮಸಲ್ ಕಾರ್' ಎಂದು ಕರೆಯುವುದು ವಾಡಿಕೆ. ಪಾಂಟಿಯಾಕ್ ಜಿಟಿಒ, ಡಾಡ್ಜ್ ಚಾರ್ಜರ್, ಷೆವ್ರೊಲೆ ಕಮಾರೊ ಇವುಗಳಲ್ಲಿ ಹೆಸರಾದವು. 1964ರ ಜಿಟಿಒ ಕಾರಿನ ಎಂಜಿನ್ ಸಾಮರ್ಥ್ಯ 6.4 ಲೀಟರ್. ವಿಮಾ ಕಂತಿನ ಏರಿಕೆ, ಹೊಗೆ ನಿಯಂತ್ರಣ ಕಾಯಿದೆ ಹಾಗೂ 1973ರ ತೈಲ ಬಿಕ್ಕಟ್ಟಿನಿಂದ ಇವುಗಳ ತಯಾರಿಕೆ ಕುಗ್ಗಿತು. ಆದರೂ ಬ್ರಿಟನ್, ಸ್ವೀಡನ್ ಮೊದಲಾದ ದೇಶಗಳಲ್ಲಿ ಇವನ್ನು ತರಿಸಿ, ದುರಸ್ತಿಗೊಳಿಸಿ, ಮಾರ್ಪಡಿಸಿಕೊಳ್ಳುವ ಹವ್ಯಾಸವು ಅನೇಕ ಸಣ್ಣ ಕಾರ್ಯಾಗಾರಗಳಿಗೆ ಉದ್ಯೋಗ ಒದಗಿಸಿದೆ.

ನಮ್ಮ ದೇಶದಲ್ಲಿ ಈ ಕಾರುಗಳು ವಿರಳವಾಗಿರಲು ಕಾರಣವಿದೆ. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಲ್ಲಿಯೇ ಮುಂಬಯಿಯಲ್ಲಿ ಕಾರು ಜೋಡಣೆ ಆರಂಭಿಸಿತ್ತು. ಫೋರ್ಡ್ ಸಂಸ್ಥೆಯೂ ಇಲ್ಲಿತ್ತು. ಬಿಡಿಭಾಗಗಳನ್ನು ದೇಶದೊಳಗೇ ತಯಾರಿಸಬೇಕೆಂಬ ಸರಕಾರದ ನೀತಿ ಜಾರಿಗೆ ಬಂದಾಗ, 1954ರ ವೇಳೆಗೆ ಎರಡೂ ಸಂಸ್ಥೆಗಳು ನಿರ್ಗಮಿಸಿದವು. ಹೀಗಾಗಿ ನಮ್ಮ ಪಾಲಿನ ಹಳೆಯ ವಾಹನಗಳೆಂದರೆ ಅಂಬಾಸಡರ್, ಫಿಯೆಟ್, ವಿಲ್ಲಿಸ್ ಮಾದರಿಯ ಜೀಪು ಮತ್ತು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳು. ಹಿಂದೆ 1950ಕ್ಕೆ ಮೊದಲು ತಯಾರಾದ ಕಾರುಗಳ ಆಮದಿಗೆ ಮಾತ್ರ ಇದ್ದ ಅವಕಾಶವನ್ನು 2025ರಲ್ಲಿ, ತಯಾರಾಗಿ 50 ವರ್ಷ ಕಳೆದ ವಾಹನಗಳಿಗೂ ವಿಸ್ತರಿಸಲಾಗಿದೆ. ಸುಂಕದ ಹೊರೆ ಅಧಿಕವಾದುದರಿಂದ ಅಮೆರಿಕದ ಕಾರುಗಳು ಕೆಲವೇ ಶ್ರೀಮಂತರ ಕೈಗೆಟುಕಬಹುದು. ನಮ್ಮ ಸದಸ್ಯರಿಗೆ ದೊರೆಯಬಹುದಾದ ಕೆಲಸ ಬಹುಪಾಲು ದೇಶೀಯ ಹಳೆಯ ವಾಹನಗಳದ್ದೇ.

ಕಾನೂನು ಎಳೆದಿರುವ ಗೆರೆ

ಇಲ್ಲಿ ಮಾರ್ಪಾಡಿಗೂ ಜೀರ್ಣೋದ್ಧಾರಕ್ಕೂ ಇರುವ ವ್ಯತ್ಯಾಸವನ್ನು ಅರಿಯುವುದು ಅತ್ಯಗತ್ಯ. ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ, ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂ. ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಇನ್ನು 50 ವರ್ಷ ಮೀರಿದ, ವಾಣಿಜ್ಯೇತರ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು 2021ರ ಜುಲೈ ತಿಂಗಳ ನಿಯಮಗಳಂತೆ 'ವಿಂಟೇಜ್' ವರ್ಗದಲ್ಲಿ ನೋಂದಾಯಿಸಬಹುದು. ಶುಲ್ಕ 20,000 ರೂ.; ನೋಂದಣಿಯ ಅವಧಿ 10 ವರ್ಷ; ಮರುನೋಂದಣಿಗೆ 5,000 ರೂ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಹಾಗೂ ನಿರ್ವಹಣೆಗಾಗಿ ಮಾತ್ರ ಇಂತಹ ವಾಹನವನ್ನು ರಸ್ತೆಗಿಳಿಸಬಹುದು. ಚಾಸಿ, ಬಾಡಿ ಅಥವಾ ಎಂಜಿನ್ ಗಣನೀಯವಾಗಿ ಬದಲಾಗಿದ್ದಲ್ಲಿ ಈ ಸೌಲಭ್ಯ ದೊರೆಯುವುದಿಲ್ಲ. ಬ್ರಿಟನ್ನಿನಲ್ಲಿಯೂ 2018ರಿಂದ 40 ವರ್ಷ ಮೀರಿದ ವಾಹನಗಳಿಗೆ ವಾರ್ಷಿಕ ತಪಾಸಣೆಯ ವಿನಾಯಿತಿ ಇದೆಯಾದರೂ, ಗಣನೀಯವಾಗಿ ಮಾರ್ಪಡಿಸಿದ ವಾಹನಕ್ಕೆ ಅದು ಅನ್ವಯಿಸದು.

ಜೀಪಿನ ಚಾಸಿ ಕತ್ತರಿಸಿ ಉದ್ದ ಮಾಡಿಸುವುದು, ಬೇರೆ ವಾಹನದ ಎಂಜಿನ್ ಕೂರಿಸುವುದು ಇವೇ ಮೊದಲಾದ ಬೇಡಿಕೆಗಳಿಗೆ ಒಪ್ಪಿದರೆ, ಗಿರಾಕಿಯ ಆಸ್ತಿಯ ಬೆಲೆಯನ್ನೇ ನಾವು ಕಳೆದಂತಾಗುತ್ತದೆ. ಅಪಘಾತದ ಸಂದರ್ಭದಲ್ಲಿ ವಿಮಾ ಪರಿಹಾರಕ್ಕೂ ತೊಡಕುಂಟಾಗಬಹುದು.

ಕೆಲಸ ಎಲ್ಲಿದೆ?

ಚಿತ್ರದುರ್ಗ ಮತ್ತು ಹಿರಿಯೂರು ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿವೆ. ಹೊಳಲ್ಕೆರೆಯು ಶಿವಮೊಗ್ಗ ರಸ್ತೆಯಲ್ಲಿದೆ, ಹೊಸದುರ್ಗವೂ ಸಮೀಪದಲ್ಲಿದೆ. ಹಳೆಯ ವಾಹನಗಳ ಸಂಗ್ರಾಹಕರು ಹೆಚ್ಚಾಗಿರುವ ಬೆಂಗಳೂರು ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ದೂರದಲ್ಲಿದೆ. ಟಿಂಕರಿಂಗ್, ಲೇತ್, ಪೇಂಟಿಂಗ್, ಸೀಟು ಹೊಲಿಗೆ, ಕ್ರೋಮ್ ಲೇಪನ ಇವೆಲ್ಲವೂ ಈ ಕಸುಬಿಗೆ ಬೇಕು. ಸಿಗದ ಬಿಡಿಭಾಗವನ್ನು ಮೂಲದ ಅಳತೆಗೆ ಸರಿಯಾಗಿ ತಯಾರಿಸಬಲ್ಲವನಿಗೆ ಬೆಲೆಯಿದೆ.

ಇಂಧನದ ಬದಲಾವಣೆಯೂ ಕೆಲಸ ತಂದಿದೆ. ದೇಶದಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟ 2000ದಲ್ಲಿ ನಿಂತಿತು. ವಾಲ್ವುಗಳ ಸವೆತವನ್ನು ಆ ಸೀಸವೇ ತಡೆಯುತ್ತಿದ್ದುದರಿಂದ, ಹಳೆಯ ಎಂಜಿನ್ನುಗಳಿಗೆ ಗಟ್ಟಿ ಲೋಹದ ವಾಲ್ವ್ ಸೀಟ್ ಕೂರಿಸಬೇಕಾಗುತ್ತದೆ. ಈಗ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಳಕೆಗೆ ಬಂದಿದ್ದು, ಹಳೆಯ ರಬ್ಬರಿನ ಕೊಳವೆ, ಗ್ಯಾಸ್ಕೆಟ್ ಮತ್ತು ಕಾರ್ಬುರೇಟರಿನ ವಾಷರುಗಳು ಬೇಗ ಹಾಳಾಗುತ್ತವೆ. ಎಥನಾಲ್ ತಾಳುವ ಭಾಗಗಳನ್ನು ದಾಸ್ತಾನಿರಿಸುವುದು ಲಾಭದಾಯಕ.

ಸದಸ್ಯ ಬಾಂಧವರು ಕೆಲವು ಕ್ರಮಗಳನ್ನು ಅನುಸರಿಸುವುದು ಒಳಿತು. ಕೆಲಸ ಹಿಡಿಯುವ ಮೊದಲು ನೋಂದಣಿ ಪತ್ರದಲ್ಲಿನ ಚಾಸಿ ಹಾಗೂ ಎಂಜಿನ್ ಸಂಖ್ಯೆಗಳನ್ನು ವಾಹನದೊಂದಿಗೆ ತಾಳೆ ನೋಡಬೇಕು. ತುಕ್ಕು ತೆಗೆಯುವಾಗ ಆ ಸಂಖ್ಯೆಗಳು ಅಳಿಯದಂತೆ ಕಾಯಬೇಕು. ಕೆಲಸಕ್ಕೆ ಮೊದಲು ಮತ್ತು ನಂತರ ಛಾಯಾಚಿತ್ರ ತೆಗೆದಿಡಬೇಕು. ಅಂದಾಜು ವೆಚ್ಚವನ್ನು ಬರಹದಲ್ಲಿ ಕೊಟ್ಟು, ಬಿಚ್ಚಿದ ಹಳೆಯ ಭಾಗಗಳನ್ನು ಮಾಲೀಕನಿಗೆ ಹಿಂದಿರುಗಿಸಬೇಕು. ಬಣ್ಣ ಬದಲಾದಲ್ಲಿ ನೋಂದಣಿ ಪತ್ರದಲ್ಲಿ ನಮೂದಿಸಲು ತಿಳಿಸಬೇಕು. ಸಂದೇಹವಿದ್ದಲ್ಲಿ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಮುಂಚಿತವಾಗಿ ವಿಚಾರಿಸುವುದು ಕ್ಷೇಮ. ಮೂಲರೂಪ ಉಳಿದಷ್ಟೂ ಹಳೆಯ ವಾಹನದ ಬೆಲೆ ಹೆಚ್ಚು. ಅದನ್ನು ಉಳಿಸಿಕೊಡುವ ಕಾರ್ಯಾಗಾರಕ್ಕೆ ಗಿರಾಕಿ ಮರಳಿ ಬರುತ್ತಾನೆ.