ಗುಳ್ಳೆ ಹೋಯಿತು, ಪೈಪು ಉಳಿಯಿತು

ಲಿವರಿನ ಹೈಡಾಟಿಡ್ ಗುಳ್ಳೆಗೆ ಆಪರೇಷನ್ ಆಗಿ ವಾರ್ಡಿಗೆ ಬಂದವರ ಹತ್ತಿರ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ಮಂಚದ ಪಕ್ಕ ತೂಗುಬಿದ್ದ ಡ್ರೇನ್ ಬ್ಯಾಗಿನ ಕಡೆಗೆ. ಮೊದಲ ದಿನ ಅದರಲ್ಲಿ ರಕ್ತ ಬೆರೆತ ನೀರಿರುತ್ತದೆ. ಆಮೇಲೆ ತಿಳಿಯಾಗುತ್ತಾ, ಕಡಿಮೆಯಾಗುತ್ತಾ ಬರಬೇಕು. ಹಾಗಾಗದೆ ಕಡು ಹಳದಿಗೋ ಹಸಿರಿಗೋ ತಿರುಗಿದರೆ ಬರುತ್ತಿರುವುದು ಪಿತ್ತರಸ. ಸರ್ಜಿಕಲ್ ವಾರ್ಡಿನಲ್ಲಿ ನರ್ಸಾಗಿ ನನ್ನ ವಯಸ್ಸೆಲ್ಲ ಕಳೆದಿದೆ. ಈ ಕಾಯಿಲೆಯಲ್ಲಿ ಆಪರೇಷನ್ನಿನಷ್ಟೇ ಅದರ ನಂತರದ ತಿಂಗಳುಗಳೂ ಮುಖ್ಯ ಎಂಬುದನ್ನು ಕಂಡಿದ್ದೇನೆ. ಮನೆಯವರಿಗೆ ಅದನ್ನು ಯಾರೂ ಕೂತು ಹೇಳುವುದಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಚಳ್ಳಕೆರೆ ಕಡೆಯ ಕುರಿಗಾಹಿ ಅಜ್ಜನೊಬ್ಬ ಬ್ಯಾಗು ಎತ್ತಿ ತೋರಿಸಿ ಕೇಳಿದ್ದ: "ಗುಳ್ಳೆ ತೆಗೆದಾತು ಅಂದ್ರಲ್ಲ ಸಿಸ್ಟ್ರಮ್ಮ, ಮತ್ತೆ ಇದ್ಯಾಕೆ ನಿಲ್ಲವಲ್ದು?"

ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಈ ಗುಳ್ಳೆ ಕಟ್ಟುವುದು ನಾಯಿಯ ಕರುಳಿನಲ್ಲಿ ಬದುಕುವ ಪುಟ್ಟ ಲಾಡಿಹುಳುವಿನ ಮೊಟ್ಟೆಯಿಂದ. ಕುರಿ ಕೊಯ್ದಾಗ ಗುಳ್ಳೆಯಿರುವ ಲಿವರನ್ನೋ ಶ್ವಾಸಕೋಶವನ್ನೋ ನಾಯಿಗೆ ಎಸೆಯುತ್ತಾರೆ. ನಾಯಿಯ ಹೊಟ್ಟೆಯಲ್ಲಿ ಹುಳು ಬೆಳೆದು ಮೊಟ್ಟೆ ಮಲದಲ್ಲಿ ಹೊರಬೀಳುತ್ತದೆ. ಹುಲ್ಲಿನ ಜೊತೆ ಅದು ಕುರಿಗೆ ಹೋಗುತ್ತದೆ. ಕೈಯಿಂದ, ತೊಳೆಯದ ಸೊಪ್ಪಿನಿಂದ, ನೀರಿನಿಂದ ಮನುಷ್ಯರಿಗೂ ಬರುತ್ತದೆ. ಸುಮಾರು ನೂರಕ್ಕೆ ಎಪ್ಪತ್ತು ಜನರಲ್ಲಿ ಅದು ನೆಲೆಯೂರುವುದು ಲಿವರಿನಲ್ಲಿ. ನೋವಿಲ್ಲದೆ ವರ್ಷಗಟ್ಟಲೆ ಬೆಳೆಯುವುದರಿಂದ ಬಹಳ ಮಂದಿಗೆ ಗೊತ್ತಾಗುವುದೇ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ.

ಬೆಳೆಯುತ್ತಾ ಅದು ಸುತ್ತಲಿನ ಪಿತ್ತನಾಳಗಳನ್ನು ಒತ್ತಿ ಒತ್ತಿ ಸವೆಸುತ್ತದೆ. ಒಳಗೆ ನೀರು ಬಿಗಿಯಾಗಿ ತುಂಬಿರುವಷ್ಟು ದಿನ ಸವೆದ ಬಾಯಿಗಳು ಮುಚ್ಚಿಕೊಂಡಿರುತ್ತವೆ. ಡಾಕ್ಟರು ಗುಳ್ಳೆ ಖಾಲಿ ಮಾಡಿದ ಕೂಡಲೇ ಆ ಒತ್ತಡ ಇಳಿಯುತ್ತದೆ, ಪಿತ್ತರಸ ಜಿನುಗತೊಡಗುತ್ತದೆ. ಅದಕ್ಕೇ ಆಪರೇಷನ್ ಟೇಬಲ್ಲಿನ ಮೇಲೆಯೇ ಖಾಲಿ ಗುಂಡಿಗೆ ಬಿಳಿ ಬಟ್ಟೆ ಒತ್ತಿಟ್ಟು, ಎಲ್ಲಿ ಹಳದಿ ಚುಕ್ಕೆ ಮೂಡಿತೋ ಅಲ್ಲಿ ಹೊಲಿಗೆ ಹಾಕುತ್ತಾರೆ. ಎಷ್ಟು ಹುಡುಕಿದರೂ ಕೂದಲೆಳೆಯಷ್ಟು ಸಣ್ಣ ನಾಳ ಕಣ್ಣು ತಪ್ಪಬಹುದು. ಗುಳ್ಳೆ ದೊಡ್ಡದಿದ್ದಷ್ಟೂ ಈ ಸಾಧ್ಯತೆ ಹೆಚ್ಚು.

ಸೋರಿಕೆ ಕಡಿಮೆಯಿದ್ದರೆ ಬಹುಪಾಲು ತಾನಾಗಿಯೇ ಒಣಗುತ್ತದೆ. ಕಾಯಬೇಕು, ಕೆಲವೊಮ್ಮೆ ವಾರಗಟ್ಟಲೆ. ದಿನಾ ಅದೇ ಹೊತ್ತಿಗೆ ಅಳೆದು ಬರೆಯಬೇಕು. ಈ ಅಳತೆಯನ್ನು ನಾನು ಕಲಿಯುವ ಹುಡುಗಿಯರಿಗೆ ಒತ್ತಿ ಒತ್ತಿ ಹೇಳುತ್ತಿದ್ದೆ. ಇಳಿಯದೇ ಹೋದರೆ ಇಆರ್‌ಸಿಪಿ ಮಾಡಿಸುತ್ತಾರೆ: ಬಾಯಿಯಿಂದ ದುರ್ಬೀನು ಇಳಿಸಿ, ಪಿತ್ತನಾಳ ಕರುಳಿಗೆ ಸೇರುವ ಬಾಯನ್ನು ಸ್ವಲ್ಪ ಅಗಲ ಮಾಡಿ, ಒಳಗೊಂದು ಸ್ಟೆಂಟ್ ಇಡುತ್ತಾರೆ. ಸಲೀಸಾದ ದಾರಿ ಸಿಕ್ಕ ಪಿತ್ತರಸ ಕರುಳಿಗೆ ಹರಿಯುತ್ತದೆ, ಗಾಯ ಮಾಯುತ್ತದೆ. ಆದರೆ ಪ್ಲಾಸ್ಟಿಕ್ ಸ್ಟೆಂಟನ್ನು ಕೆಲವು ತಿಂಗಳಲ್ಲಿ ತೆಗೆಸಲೇಬೇಕು. ಮರೆತವರು ಚಳಿಜ್ವರ, ಕಾಮಾಲೆ ಹತ್ತಿಸಿಕೊಂಡು ಬಂದದ್ದನ್ನು ನೋಡಿದ್ದೇನೆ. ಹೊಟ್ಟೆಯೊಳಗೆ ಸ್ಟೆಂಟ್ ಇದೆ ಎಂಬುದೇ ಅವರಲ್ಲಿ ಕೆಲವರಿಗೆ ತಿಳಿದಿರಲಿಲ್ಲ.

ಗುಳ್ಳೆಯಿದ್ದ ಗುಂಡಿಯಲ್ಲಿ ಕೀವು ತುಂಬುವುದು ಇನ್ನೊಂದು ಕಷ್ಟ. ಇಳಿದ ಜ್ವರ ಮತ್ತೆ ಏರಿದರೆ, ಉಸಿರೆಳೆದಾಗ ಬಲಪಕ್ಕೆಯೋ ಬಲಭುಜವೋ ನೊಂದರೆ ಕೂಡಲೇ ಹೇಳಬೇಕು. ಲಿವರಿನ ಮೇಲಿನ ವಪೆಯ ಕೆಳಗೆ ಏನೋ ನಿಂತಿರಬಹುದು. ಭುಜದ ನೋವನ್ನು ಜನ ಮಲಗಿದ ಭಂಗಿಗೆ ಹಚ್ಚಿ ಸುಮ್ಮನಾಗುತ್ತಾರೆ.

ಎಲ್ಲಕ್ಕಿಂತ ದೂರದ ಭಯ, ಗುಳ್ಳೆ ಮರಳಿ ಬರುವುದು. ಒಳಗಿನ ನೀರು ಆಪರೇಷನ್ ಹೊತ್ತಿಗೆ ಚೆಲ್ಲಿದರೆ ಅದರಲ್ಲಿರುವ ಹುಳುವಿನ ಮರಿತಲೆಗಳು ಹೊಟ್ಟೆಯೊಳಗೆ ಹೊಸ ಗುಳ್ಳೆ ಕಟ್ಟಬಲ್ಲವು. ಕೆಲವರಿಗೆ ಆ ಗಳಿಗೆಯಲ್ಲೇ ತೀವ್ರ ಅಲರ್ಜಿಯಾಗಿ ಬಿಪಿ ಕುಸಿಯುತ್ತದೆ. ಸುತ್ತಲೂ ಗಾಢ ಉಪ್ಪುನೀರಿನ ಬಟ್ಟೆ ಹಾಸಿ ಕೆಲಸ ಮಾಡುವುದು ಅದಕ್ಕೇ. ಕೊಯಮತ್ತೂರಿನ ಸರ್ಜನ್ ಡಾ. ಸಿ. ಪಳನಿವೇಲು ಅವರು ಲ್ಯಾಪರೋಸ್ಕೋಪಿಯಲ್ಲಿ ನೀರು ಚೆಲ್ಲದಂತೆ ಹೀರಿಕೊಳ್ಳಲೆಂದೇ ಒಂದು ವಿಶೇಷ ಕೊಳವೆ ರೂಪಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಚಿಕಿತ್ಸೆಯ ನಂತರವೂ ಸುಮಾರು ಶೇ. 6.5 ಮಂದಿಗೆ ಕಾಯಿಲೆ ಮರುಕಳಿಸುತ್ತದೆ. ಆಪರೇಷನ್ ಆದವರಲ್ಲಿ ಸರಾಸರಿ ಶೇ. 2.2 ಮಂದಿ ತೀರಿಕೊಳ್ಳುತ್ತಾರೆ.

ಅಲ್ಬೆಂಡಜೋಲ್ ಮಾತ್ರೆ ಆಪರೇಷನ್ನಿಗೆ ಮೊದಲೇ ಶುರುವಾಗಿ ಆಮೇಲೂ ಮುಂದುವರಿಯುವುದು ಗುಳ್ಳೆ ಮರಳಿ ಬರದಿರಲೆಂದೇ. ಇಲ್ಲೊಂದು ತೊಡಕಿದೆ. ನಮ್ಮ ಜನ ಈ ಮಾತ್ರೆಯನ್ನು ಬಲ್ಲದ್ದು ಶಾಲೆಯಲ್ಲಿ ಫೆಬ್ರವರಿ 10ರ ಜಂತುಹುಳು ದಿನ ಮಕ್ಕಳಿಗೆ ಕೊಡುವ ಒಂದೇ ಮಾತ್ರೆಯಾಗಿ. ಅದಕ್ಕೇ, "ಹುಳದ ಮಾತ್ರೆ ಒಂದು ತಿಂದ್ರೆ ಸಾಕಲ್ವಾ?" ಎಂದು ಮನೆಗೆ ಹೋಗಿ ಬಿಟ್ಟುಬಿಡುತ್ತಾರೆ. ಇಲ್ಲಿ ಅದು ದಿನಕ್ಕೆರಡು ಬಾರಿ, ತಿಂಗಳುಗಳ ಲೆಕ್ಕದ ಔಷಧ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಎಣ್ಣೆಯೋ ತುಪ್ಪವೋ ಇರುವ ಊಟದ ಜೊತೆ ತೆಗೆದುಕೊಳ್ಳಬೇಕು. ನಡುನಡುವೆ ರಕ್ತಪರೀಕ್ಷೆಯೂ ಬೇಕು, ಮಾತ್ರೆ ಲಿವರಿಗೂ ಬಿಳಿ ರಕ್ತಕಣಗಳಿಗೂ ತೊಂದರೆ ಕೊಡಬಹುದು. ಬಸುರಿಯರು ಡಾಕ್ಟರಿಗೆ ತಿಳಿಸದೆ ಮುಟ್ಟಬಾರದು.

ಸ್ಕ್ಯಾನಿಗೆ ವರ್ಷಗಳ ಕಾಲ ಬರುತ್ತಿರಬೇಕು. ಗುಳ್ಳೆ ಇದ್ದ ಜಾಗ ತಿಂಗಳಾನುಗಟ್ಟಲೆ ಟೊಳ್ಳಾಗಿಯೇ ಕಾಣುತ್ತದೆ, ರಕ್ತದ ಪರೀಕ್ಷೆ ವರ್ಷಗಳ ಮೇಲೂ ಪಾಸಿಟಿವ್ ಬರಬಹುದು. ಒಂದೇ ರಿಪೋರ್ಟ್ ನೋಡಿ ಮತ್ತೆ ಬಂತೆಂದು ಗಾಬರಿಯಾಗುವುದೂ ಬೇಡ. ಹಳೆಯ ಫಿಲ್ಮುಗಳನ್ನು ಎಸೆಯದೆ ತಂದರೆ ಡಾಕ್ಟರು ಹೋಲಿಸಿ ಹೇಳುತ್ತಾರೆ. ಕುರಿ ಹಿಂದೆ ಊರೂರು ಅಲೆಯುವವರಿಗೆ ಇದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಅವರು ಬೇಸಿಗೆಯಲ್ಲಿ ಎಲ್ಲಿರುತ್ತಾರೋ ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲೇ ಸ್ಕ್ಯಾನ್ ಆಗುವಂತೆ ಬರೆದುಕೊಡಬೇಕೆಂದು ಡಾಕ್ಟರುಗಳ ಹತ್ತಿರ ಜಗಳವಾಡಿಯೇ ಬರೆಸಿದ್ದೇನೆ.

ಇಷ್ಟೆಲ್ಲ ಪಾಡು ಬರದಂತೆ ಮೊದಲೇ ತಡೆಯಲೂ ಬಹುದು. ಐಸ್‌ಲ್ಯಾಂಡಿನಲ್ಲಿ ಒಂದು ಕಾಲಕ್ಕೆ ಈ ಕಾಯಿಲೆ ಮನೆಮನೆಯ ಪಿಡುಗಾಗಿತ್ತು. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ 1863ರಲ್ಲಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, ಜನರಿಗೆ ಅರ್ಥವಾಗುವಂತೆ ಪುಟ್ಟ ಪುಸ್ತಕ ಬರೆದ. 1869ರಲ್ಲಿ ನಾಯಿಗಳ ಬಗ್ಗೆ ಕಾನೂನೂ ಬಂತು. ಆ ದ್ವೀಪದಿಂದ ಕಾಯಿಲೆ ತೊಲಗಿಯೇ ಹೋಯಿತು.

ನಮ್ಮಲ್ಲಿ ನಾಯಿಯ ಔಷಧ ಪಶು ಆಸ್ಪತ್ರೆಯ ಪಾಲಿಗೆ, ಮನುಷ್ಯರದು ನಮ್ಮ ಪಾಲಿಗೆ. ಡಿಸ್ಚಾರ್ಜ್ ಚೀಟಿಯಲ್ಲಿ ನಾಯಿಯ ಸುದ್ದಿ ಇರುವುದಿಲ್ಲ. ನಾನು ಚೀಟಿಯ ಹಿಂಬದಿಯಲ್ಲಿ ಕೈಯಾರೆ ಕನ್ನಡದಲ್ಲಿ ಬರೆಯುತ್ತಿದ್ದೆ: ಕುರಿಯ ಲಿವರ್ ನಾಯಿಗೆ ಹಾಕಬೇಡಿ, ಆಳವಾಗಿ ಹೂಳಿ, ನಾಯಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಪ್ರಾಜಿಕ್ವಾಂಟೆಲ್ ಮಾತ್ರೆ ಹಾಕಿಸಿ, ಮನೆಯವರೆಲ್ಲ ಒಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಿಕೊಳ್ಳಿ. ಚಳ್ಳಕೆರೆಯ ಅಜ್ಜನಿಗೆ ಓದು ಬರುತ್ತಿರಲಿಲ್ಲ. ಅವನ ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳಿದಳು. ಮಾತ್ರೆಯ ಹೆಸರನ್ನು ಅವನು ಎರಡೆರಡು ಸಲ ಓದಿಸಿಕೊಂಡ.