ವಿಮಾನ ಸಂಸ್ಥೆಗಳ ವಿಲೀನ: ಪ್ರಯಾಣಿಕನ ಪಾಲಿಗೇನು?

ಉಮರ್ಗಾ, ನಿಲಂಗಾ, ಉದಗೀರದ ಮಕ್ಕಳು ವ್ಯಾಸಂಗಕ್ಕೋ ಉದ್ಯೋಗಕ್ಕೋ ವಿದೇಶಕ್ಕೆ ಹೊರಟರೆ ಹೈದರಾಬಾದ್ ಇಲ್ಲವೇ ಮುಂಬೈಯ ವಿಮಾನ ನಿಲ್ದಾಣವನ್ನು ಸೇರಬೇಕು. ಅವರು ತೆರುವ ದರವು ಆ ಮಾರ್ಗದಲ್ಲಿ ಎಷ್ಟು ಸಂಸ್ಥೆಗಳು ಪೈಪೋಟಿ ನಡೆಸುತ್ತಿವೆ ಎಂಬುದನ್ನೂ ಅವಲಂಬಿಸಿರುತ್ತದೆ.

ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಬೆಂಗಳೂರಿನಲ್ಲಿ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್, ಅಗ್ಗದ ದರದಿಂದ ಸಾಮಾನ್ಯರನ್ನೂ ವಿಮಾನ ಹತ್ತಿಸಿತು. ಭಾರತೀಯ ಸಂಸ್ಥೆಯೊಂದು ವಿದೇಶಕ್ಕೆ ಹಾರಲು ಐದು ವರ್ಷಗಳ ದೇಶೀಯ ಸೇವೆಯೂ 20 ವಿಮಾನಗಳೂ ಅಂದು ಕಡ್ಡಾಯವಾಗಿದ್ದವು. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್ ಆ ಅರ್ಹತೆಯನ್ನು ಡೆಕ್ಕನ್ ವಿಲೀನದಿಂದ ಪಡೆದು, 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಡೆಕ್ಕನ್ ಹೆಸರು ಅಳಿಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೂ ನಿಂತಿತು. ವಿಲೀನಗಳನ್ನು ಪರಿಶೀಲಿಸುವ ಸ್ಪರ್ಧಾ ಕಾಯಿದೆಯ 5 ಮತ್ತು 6ನೆಯ ಕಲಮುಗಳು ಆಗಿನ್ನೂ ಜಾರಿಗೆ ಬಂದಿರಲಿಲ್ಲ; ಬಂದದ್ದು 2011ರ ಜೂನ್ 1ರಂದು.

ಏರ್ ಇಂಡಿಯಾದಲ್ಲಿ ವಿಸ್ತಾರ ವಿಲೀನಗೊಳ್ಳುವ ಹೊತ್ತಿಗೆ ಆ ಕಾವಲು ಇತ್ತು. ಭಾರತೀಯ ಸ್ಪರ್ಧಾ ಆಯೋಗ 2023ರಲ್ಲಿ ಷರತ್ತಿನ ಒಪ್ಪಿಗೆ ನೀಡಿತು. ಹೊಸ ಸಂಸ್ಥೆಯಲ್ಲಿ ಶೇ. 25.1 ಪಾಲು ಪಡೆಯಲಿದ್ದ ಸಿಂಗಾಪುರ ಏರ್‌ಲೈನ್ಸ್, ಅದೇ ಮಾರ್ಗಗಳಲ್ಲಿ ಅದರ ಪ್ರತಿಸ್ಪರ್ಧಿಯೂ ಆಗಿತ್ತು. ಆದ್ದರಿಂದ ಸಿಂಗಾಪುರದ ಸ್ಪರ್ಧಾ ಆಯೋಗವು ದೆಹಲಿ, ಮುಂಬೈ, ಚೆನ್ನೈ, ತಿರುಚಿರಾಪಳ್ಳಿ ಮಾರ್ಗಗಳಲ್ಲಿ ಆಸನಗಳನ್ನು ಕೋವಿಡ್ ಪೂರ್ವದ ಮಟ್ಟದಲ್ಲಿ ಉಳಿಸುವ ವಚನ ಪಡೆದೇ 2024ರ ಮಾರ್ಚಿನಲ್ಲಿ ಸಮ್ಮತಿಸಿತು. ನವೆಂಬರ್ 12ರಂದು ವಿಲೀನ ಪೂರ್ಣಗೊಂಡಿತು.

ದೇಶದಲ್ಲಿ ಒಟ್ಟು ಎಷ್ಟು ಸಂಸ್ಥೆಗಳಿವೆ ಎಂಬುದಕ್ಕಿಂತ, ತಾನು ಹೋಗಬೇಕಾದ ಊರಿಗೆ ಎಷ್ಟು ಉಳಿದಿವೆ ಎಂಬುದೇ ಪ್ರಯಾಣಿಕನಿಗೆ ಮುಖ್ಯ. ಕಾನೂನು ನೋಡಬೇಕಾದದ್ದೂ ಅದನ್ನೇ.