ತೆರೆಯ ಮೇಲಿನ ಚಕ್ರ ಎಷ್ಟು ತಿರುಗಿದೆ?

ಶಾಪಿಂಗ್ ಆ್ಯಪ್‌ಗಳಲ್ಲಿ ರಿಯಾಯಿತಿ ಕೂಪನ್‌ಗಾಗಿ ಬಣ್ಣದ ಚಕ್ರ ತಿರುಗಿಸುವ ಆಟವಿರುತ್ತದೆ. ಸುತ್ತುತ್ತಿರುವ ಚಕ್ರವನ್ನು ಬೆರಳಿಟ್ಟು ನಿಲ್ಲಿಸಿದಾಗ ಮುಳ್ಳು ಯಾವ ಬಣ್ಣದ ಮೇಲಿದೆ ಎಂದು ಹೇಳಲು ಆ ಗಳಿಗೆಯ ಕೋನ ಗೊತ್ತಿರಬೇಕು. ತಿರುಗಿಸಿದ್ದು ಆ್ಯಪ್ಪೇ ಆದರೂ ಐಫೋನಿನಲ್ಲಿ ಅದನ್ನು ಲೆಕ್ಕ ಹಾಕಿಯೇ ಪಡೆಯುವುದು ವಾಡಿಕೆ.

ಏಕೆಂದರೆ ಅಲ್ಲಿ ದಾಖಲಾಗಿರುವುದು ಕೋನವಲ್ಲ, ಚಿತ್ರದ ಪ್ರತಿ ಬಿಂದುವನ್ನೂ ಎಲ್ಲಿಗೆ ಒಯ್ಯಬೇಕೆಂದು ತಿಳಿಸುವ ಆರು ಸಂಖ್ಯೆಗಳ ಮ್ಯಾಟ್ರಿಕ್ಸ್. ತಿರುಗಿಸಿದ್ದು, ಹಿಗ್ಗಿಸಿದ್ದು, ಸರಿಸಿದ್ದು ಎಲ್ಲವೂ ಅದರೊಳಗೆ ಬೆರೆತಿರುತ್ತವೆ. ಬರೀ ತಿರುಗಿಸಿದ್ದರೆ ಮೊದಲ ಸಂಖ್ಯೆ ಕೋನದ ಕೊಸೈನ್, ಎರಡನೆಯದು ಸೈನ್. 30 ಡಿಗ್ರಿಗೆ ಇವು 0.866 ಮತ್ತು 0.5.

ಸೈನನ್ನು ಕೊಸೈನಿನಿಂದ ಭಾಗಿಸಿದರೆ ಟ್ಯಾನ್ ಸಿಗುತ್ತದೆ, ಅದರಿಂದ ಕೋನಕ್ಕೆ ಮರಳಬಹುದು ಅನ್ನಿಸುತ್ತದೆ. ಆದರೆ 30 ಡಿಗ್ರಿಗೂ 210 ಡಿಗ್ರಿಗೂ ಭಾಗಲಬ್ಧ ಒಂದೇ: 0.577. 210ರಲ್ಲಿ ಸೈನ್, ಕೊಸೈನ್ ಎರಡೂ ಋಣ ಸಂಖ್ಯೆಗಳು. ಭಾಗಿಸಿದೊಡನೆ ಆ ಗುರುತು ಅಳಿಸಿಹೋಗುತ್ತದೆ. 90ರಲ್ಲಂತೂ ಕೊಸೈನ್ ಸೊನ್ನೆ, ಭಾಗಿಸುವಂತೆಯೇ ಇಲ್ಲ. ಹೀಗಾಗಿ ಪ್ರೋಗ್ರಾಮರ್‌ಗಳು ‘ಎಟ್ಯಾನ್2’ ಎಂಬ ಫಂಕ್ಷನ್ ಬಳಸುತ್ತಾರೆ. ಅದು ಎರಡೂ ಸಂಖ್ಯೆಗಳನ್ನು ಬೇರೆಬೇರೆಯಾಗಿ ಪಡೆದು, ಅವುಗಳ ಧನ-ಋಣ ನೋಡಿ ದಿಕ್ಕು ನಿರ್ಧರಿಸುತ್ತದೆ. ಚಕ್ರವನ್ನು ಎಲ್ಲ ಕಡೆಗೂ ಸಮನಾಗಿ ಹಿಗ್ಗಿಸಿದ್ದರೂ ಉತ್ತರ ಬದಲಾಗದು; ಎರಡೂ ಸಂಖ್ಯೆಗಳು ಒಂದೇ ಪ್ರಮಾಣದಲ್ಲಿ ಬೆಳೆದಿರುತ್ತವೆ. ಉತ್ತರ ರೇಡಿಯನ್‌ನಲ್ಲಿ ಬರುತ್ತದೆ. 180ರಿಂದ ಗುಣಿಸಿ ಪೈನಿಂದ ಭಾಗಿಸಿದರೆ ಡಿಗ್ರಿ.

ಲೆಕ್ಕ ಸರಿಯಿದ್ದರೂ ಸಂಖ್ಯೆಗಳನ್ನು ಎಲ್ಲಿಂದ ತೆಗೆದುಕೊಂಡೆವು ಎಂಬುದು ಮುಖ್ಯ. ಆ್ಯಪಲ್ 2007ರಲ್ಲಿ ತಂದ ಕೋರ್ ಆನಿಮೇಷನ್ ವ್ಯವಸ್ಥೆ ಪ್ರತಿ ಚಿತ್ರಕ್ಕೂ ಎರಡು ದಾಖಲೆಗಳನ್ನು ಇಟ್ಟುಕೊಳ್ಳುತ್ತದೆ. ಸಾಮಾನ್ಯ ಆನಿಮೇಷನ್‌ನಲ್ಲಿ ‘ಮಾಡೆಲ್ ಲೇಯರ್’ ಚಕ್ರ ಹೊರಡುವಾಗಲೇ ತಲುಪಬೇಕಾದ ಕೋನವನ್ನು ಬರೆದುಕೊಂಡಿರುತ್ತದೆ. ಕಣ್ಣಿಗೆ ಈಗ ಕಾಣುವ ಸ್ಥಿತಿ ಇರುವುದು ‘ಪ್ರೆಸೆಂಟೇಷನ್ ಲೇಯರ್’ನಲ್ಲಿ. ಮೊದಲನೆಯದನ್ನು ಕೇಳಿದರೆ ಚಕ್ರ ಇನ್ನೂ ಸುತ್ತುತ್ತಿರುವಾಗಲೇ ಕೊನೆಯ ಉತ್ತರ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಹಿಂದೆ ಇದಕ್ಕೆ ತಿರುಗುಮುರುಗಾದ ತೊಡಕಿತ್ತು: ಹಳೆಯ ಆನಿಮೇಷನ್ ಚಿತ್ರವನ್ನಷ್ಟೇ ತಿರುಗಿಸುತ್ತಿತ್ತು, ವಸ್ತುವಿನ ದಾಖಲೆ ಇದ್ದಲ್ಲೇ ಇರುತ್ತಿತ್ತು. 2011ರ ಆಂಡ್ರಾಯ್ಡ್ 3.0ರಿಂದ ವಸ್ತುವಿನ ಕೋನವೇ ಬದಲಾಗುವ, ಅದನ್ನು ಡಿಗ್ರಿಯಲ್ಲಿ ನೇರವಾಗಿ ಓದಬಹುದಾದ ವ್ಯವಸ್ಥೆ ಬಂತು.

ಮ್ಯಾಟ್ರಿಕ್ಸ್‌ನಿಂದ ಎಂದಿಗೂ ಸಿಗದ ಮಾಹಿತಿಯೊಂದಿದೆ: ಸುತ್ತುಗಳ ಎಣಿಕೆ. 30 ಡಿಗ್ರಿ ತಿರುಗಿದ ಚಕ್ರಕ್ಕೂ ಪೂರ್ತಿ ಒಂದು ಸುತ್ತು ಹಾಕಿ 390ಕ್ಕೆ ಬಂದ ಚಕ್ರಕ್ಕೂ ಆರೂ ಸಂಖ್ಯೆಗಳು ಒಂದೇ. ಕೂಪನ್ ಚಕ್ರಕ್ಕೆ ಇದರಿಂದ ನಷ್ಟವಿಲ್ಲ. ಹಲವು ಸುತ್ತು ತಿರುಗಿಸಬೇಕಾದ ಗುಂಡಿಯಾದರೆ ಆ್ಯಪ್ ತಾನೇ ಎಣಿಸಬೇಕು. ಕೋನ 179ರಿಂದ ಋಣ 179ಕ್ಕೆ ಹಾರಿದರೆ ಅದು 358 ಡಿಗ್ರಿ ಹಿಂದಕ್ಕೆ ಸರಿದದ್ದಲ್ಲ, 2 ಡಿಗ್ರಿ ಮುಂದೆ ಹೋದದ್ದು ಎಂದು ಹಿಡಿದು ಸುತ್ತಿನ ಲೆಕ್ಕಕ್ಕೆ ಒಂದು ಸೇರಿಸಬೇಕು. ಎರಡು ಅಳತೆಗಳ ನಡುವೆ ಅರ್ಧ ಸುತ್ತಿಗಿಂತ ಕಡಿಮೆ ತಿರುಗಿದ್ದರೆ ಮಾತ್ರ ಈ ಊಹೆ ನಿಲ್ಲುತ್ತದೆ. ಸೆಕೆಂಡಿಗೆ 60 ಸಲ ಅಳೆದರೆ ಆ ಮಿತಿ ಸೆಕೆಂಡಿಗೆ 30 ಸುತ್ತು. ಬೆರಳಿನಿಂದ ತಿರುಗಿಸುವವರು ಅಷ್ಟು ವೇಗ ಮುಟ್ಟುವುದಿಲ್ಲ.